ಒತ್ತಡ ಹೆಚ್ಚಿಸುವ ಮುನ್ನ: ಸೂಪರ್‌ಚಾರ್ಜರ್ ಕಾರಿಗೆ ಹಣ ಹಾಕುವ ಸರದಿ

ಕಾರಿನ ಇಂಜಿನ್ನಿನಿಂದ ಹೆಚ್ಚಿನ ಶಕ್ತಿ ಪಡೆಯುವ ಹವ್ಯಾಸವುಳ್ಳ ಅಮೆರಿಕನ್ನರ ನಡುವೆ ಒಂದು ಲೆಕ್ಕ ಬಹುಕಾಲದಿಂದ ಚಾಲ್ತಿಯಲ್ಲಿದೆ. ಒಂದು ಡಾಲರಿಗೆ ಎಷ್ಟು ಅಶ್ವಶಕ್ತಿ ಎಂಬುದೇ ಆ ಲೆಕ್ಕ. ಯಾವ ಬಿಡಿಭಾಗ ಕಡಿಮೆ ಹಣಕ್ಕೆ ಹೆಚ್ಚು ಅಶ್ವಶಕ್ತಿ ಕೊಡುತ್ತದೆಯೋ ಅದನ್ನು ಮೊದಲು ಕೊಳ್ಳಬೇಕು ಎಂಬುದು ಅದರ ಸಾರ. ನಮ್ಮ ಸದಸ್ಯರಿಗೆ ಇದು ಅಪರಿಚಿತ ವಿಚಾರವಲ್ಲ. ಒಂದು ಲಕ್ಷ ರೂಪಾಯಿಯನ್ನು ಯಂತ್ರಕ್ಕೆ ಹಾಕಿದರೆ ತಿಂಗಳಿಗೆ ಎಷ್ಟು ನಗ ಹೆಚ್ಚು ಬಂದೀತು ಎಂದು ನಾವು ಕೇಳುವುದೂ ಅದೇ ಲೆಕ್ಕವೇ ಆಗಿದೆ. ಸೂಪರ್‌ಚಾರ್ಜರ್ ಅಳವಡಿಸಿದ, ದಿನನಿತ್ಯ ರಸ್ತೆಯ ಮೇಲೆ ಓಡಿಸುವ ಕಾರಿನ ಮಟ್ಟಿಗೆ ಈ ಲೆಕ್ಕ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಅತ್ಯಂತ ಅಗ್ಗವಾಗಿ ಕಾಣುವ ಬದಲಾವಣೆಯ ನಿಜವಾದ ವೆಚ್ಚವು ಪಟ್ಟಿಯ ಬೇರೆ ಸಾಲುಗಳಲ್ಲಿ ಅಡಗಿರುತ್ತದೆ. ಆದ್ದರಿಂದ ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ಯಾವ ಸರದಿಯಲ್ಲಿ ಕೊಳ್ಳಬೇಕು ಎನ್ನುವುದೇ ಮುಖ್ಯ ಪ್ರಶ್ನೆ.

ಸೂಪರ್‌ಚಾರ್ಜರ್ ಎಂದರೆ ಇಂಜಿನ್ನಿಗೆ ಒತ್ತಡದಿಂದ ಗಾಳಿಯೂಡುವ ಬ್ಲೋವರ್. ಇದರ ಮೂಲವನ್ನು ಕೇಳಿದರೆ ನಮ್ಮ ಎರಕದ ಉದ್ಯಮಿಗಳಿಗೆ ಸಂತೋಷವಾದೀತು. ಅಮೆರಿಕದ ಇಂಡಿಯಾನಾ ಸಂಸ್ಥಾನದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಸಹೋದರರು 1860ರ ವೇಳೆಗೆ ಒಂದು ಯಂತ್ರವನ್ನು ರೂಪಿಸಿದರು. ಅದರಲ್ಲಿ ಒಂದಕ್ಕೊಂದು ಎದುರಾಗಿ ತಿರುಗುವ ಎರಡು ರೋಟರುಗಳಿದ್ದವು. ಅದಕ್ಕೆ ಮೊದಲು ಸಿಕ್ಕ ಕೆಲಸ ಕುಲುಮೆಗಳಿಗೆ ಗಾಳಿಯೂದುವುದು; ಕಾರಿಗೆ ಅದು ಬಂದದ್ದು ಎಷ್ಟೋ ಕಾಲದ ನಂತರ. ಬೆಳಗಾವಿಯ ಉದ್ಯಮಬಾಗದಲ್ಲಿ ಕ್ಯುಪೋಲಾ ನಡೆಸಿದವರಿಗೆ ಬ್ಲೋವರಿನ ಮಹತ್ವವನ್ನು ನಾನು ವಿವರಿಸಬೇಕಾಗಿಲ್ಲ. ಗಾಳಿ ಹೆಚ್ಚಾದರೆ ಕೋಕ್ ಹೆಚ್ಚು ಬೇಕು, ಇಟ್ಟಿಗೆ ಬೇಗ ಸವೆಯುತ್ತದೆ ಎಂಬುದು ಅವರಿಗೆ ಅನುಭವದಿಂದ ತಿಳಿದ ಸಂಗತಿ. ಕಾರಿನಲ್ಲಿಯೂ ನಡೆಯುವುದು ಅದೇ. ಇಂಜಿನ್ನಿನ ಕ್ರ್ಯಾಂಕಿನಿಂದ ಬೆಲ್ಟಿನ ಮೂಲಕ ಬ್ಲೋವರ್ ತಿರುಗುತ್ತದೆ. ಬ್ಲೋವರಿನ ಪುಲ್ಲಿ ಚಿಕ್ಕದಾದಷ್ಟೂ ಅದು ವೇಗವಾಗಿ ತಿರುಗಿ ಹೆಚ್ಚು ಗಾಳಿಯನ್ನು ತಳ್ಳುತ್ತದೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಫೋರ್ಡ್ ಕಂಪನಿಯ 2003 ಮತ್ತು 2004ರ ಮಾದರಿಯ ಮಸ್ಟಾಂಗ್ ಕೋಬ್ರಾ ಕಾರು. ಇದಕ್ಕೊಂದು ಹಿನ್ನೆಲೆಯಿದೆ. 1999ರ ಕೋಬ್ರಾ ಕಾರಿಗೆ 320 ಅಶ್ವಶಕ್ತಿ ಎಂದು ಕಂಪನಿ ಜಾಹೀರಾತು ಮಾಡಿತ್ತು. ಕೊಂಡವರು ಪರೀಕ್ಷಾಯಂತ್ರದ ಮೇಲೆ ಅಳೆದು ನೋಡಿದಾಗ ಅಷ್ಟು ಬರಲಿಲ್ಲ. ಕಂಪನಿಯು ಅದೇ ವರ್ಷ ಮಾರಾಟವನ್ನು ನಿಲ್ಲಿಸಿ, ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡಬೇಕಾಯಿತು. ತೂಕದಲ್ಲಿ ಕಡಿಮೆ ಕೊಟ್ಟ ಅಂಗಡಿಯವನ ಪಾಡು ಏನೆಂದು ವರ್ತಕರಾದ ತಮಗೆ ಗೊತ್ತೇ ಇದೆ. ಮುಂದೆ 2003ರಲ್ಲಿ ಅದೇ 4.6 ಲೀಟರ್ ಗಾತ್ರದ ಎಂಟು ಸಿಲಿಂಡರಿನ ಇಂಜಿನ್ನಿಗೆ ಈಟನ್ ಕಂಪನಿಯ ಎಂ 112 ಬ್ಲೋವರನ್ನು ಜೋಡಿಸಿ 390 ಅಶ್ವಶಕ್ತಿ ಎಂದು ಘೋಷಿಸಲಾಯಿತು. ಒಂದು ಸುತ್ತಿಗೆ 112 ಘನ ಇಂಚು ಗಾಳಿಯನ್ನು ತಳ್ಳುವುದರಿಂದ ಬ್ಲೋವರಿಗೆ ಆ ಹೆಸರು.

ನಾವು ಗಮನಿಸಬೇಕಾದದ್ದು ಅಶ್ವಶಕ್ತಿಯ ಅಂಕಿಯನ್ನಲ್ಲ, ಕಂಪನಿ ಎಲ್ಲೆಲ್ಲಿ ಹಣ ಹಾಕಿತು ಎಂಬುದನ್ನು. ಹಿಂದಿನ ಕೋಬ್ರಾದ ಅಲ್ಯೂಮಿನಿಯಂ ಬ್ಲಾಕನ್ನು ಬಿಟ್ಟು ಬೀಡಿನ ಬ್ಲಾಕನ್ನು ಹಾಕಿದರು; ಭಾರ ಹೆಚ್ಚಾದರೂ ಒಪ್ಪಿಕೊಂಡರು. ಫೋರ್ಜಿಂಗ್ ಮಾಡಿದ ಪಿಸ್ಟನ್, ಫೋರ್ಜಿಂಗ್ ಮಾಡಿದ ಕನೆಕ್ಟಿಂಗ್ ರಾಡುಗಳನ್ನು ಹಾಕಿದರು. ಗಾಳಿಯನ್ನು ತಣಿಸಲು ನೀರಿನ ಇಂಟರ್‌ಕೂಲರ್, ಆರು ಗೇರಿನ ಗಟ್ಟಿ ಗೇರುಪೆಟ್ಟಿಗೆ ಬಂದವು. ಇಷ್ಟನ್ನೆಲ್ಲ ಮಾಡಿಯೂ ಬ್ಲೋವರಿನ ಒತ್ತಡವನ್ನು ಚದರ ಇಂಚಿಗೆ ಸುಮಾರು 8 ಪೌಂಡಿಗೆ ಮಿತಗೊಳಿಸಿದರು. ಅಡಾವೆ ಪತ್ರಿಕೆಯ ಭಾಷೆಯಲ್ಲಿ ಹೇಳುವುದಾದರೆ ಮೀಸಲು ನಿಧಿಯನ್ನು ಮೊದಲು ಕಟ್ಟಿ, ಅನಂತರ ಸಾಲವೆತ್ತಿದ ಸಂಸ್ಥೆ ಇದು.

ಈ ಕಾರನ್ನು ಕೊಂಡವನ ಮುಂದೆ ಬರುವ ಮೊದಲ ಆಮಿಷವೇ ಚಿಕ್ಕ ಪುಲ್ಲಿ. ಬೆಲೆ ಅಲ್ಪ, ಒಂದು ಮಧ್ಯಾಹ್ನದ ಕೆಲಸ, ಫಲ ಕೂಡಲೇ ಕಾಣುತ್ತದೆ. ಡಾಲರಿಗೆ ಎಷ್ಟು ಅಶ್ವಶಕ್ತಿ ಎಂಬ ಪಟ್ಟಿಯಲ್ಲಿ ಅದನ್ನು ಮೀರಿಸುವ ಬಾಬತ್ತು ಇಲ್ಲ. ಇದರ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ.

ಪುಲ್ಲಿಯ ವ್ಯಾಸವನ್ನು ಶೇಕಡಾ 15ರಷ್ಟು ಕಡಿಮೆ ಮಾಡಿದರೆ ಬ್ಲೋವರಿನ ವೇಗ ಶೇಕಡಾ 17.6ರಷ್ಟು ಏರುತ್ತದೆ. ವಾತಾವರಣದ ಒತ್ತಡ 14.7 ಪೌಂಡು; ಅದರ ಮೇಲೆ 8 ಪೌಂಡು ಸೇರಿದರೆ ಅನುಪಾತ 1.54 ಆಯಿತು. ವೇಗದ ಏರಿಕೆಯನ್ನು ಇದಕ್ಕೆ ಅನ್ವಯಿಸಿದರೆ ಅನುಪಾತ 1.81 ಆಗುತ್ತದೆ, ಅಂದರೆ 8 ಪೌಂಡಿನ ಜಾಗದಲ್ಲಿ ಸುಮಾರು 12 ಪೌಂಡು. ಇಲ್ಲಿಯವರೆಗೆ ಎಲ್ಲವೂ ಲಾಭವೇ. ಆದರೆ ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿಯನ್ನು ಮುಟ್ಟಿದವರಿಗೆಲ್ಲ ಇದು ತಿಳಿದಿದೆ. ರೂಟ್ಸ್ ಮಾದರಿಯ ಬ್ಲೋವರಿನ ದಕ್ಷತೆ ಅಷ್ಟಕ್ಕಷ್ಟೇ. ವೇಗ ಮತ್ತು ಒತ್ತಡ ಹೆಚ್ಚಿದಂತೆ ಅದು ಇನ್ನೂ ಇಳಿಯುತ್ತದೆ. 8 ಪೌಂಡಿನಲ್ಲಿ ಶೇಕಡಾ 55, 12 ಪೌಂಡಿನಲ್ಲಿ ಶೇಕಡಾ 50 ಎಂದು ಹಿಡಿಯೋಣ. ಹೊರಗಿನ ಗಾಳಿ 35 ಡಿಗ್ರಿ ಇದ್ದರೆ ಬ್ಲೋವರಿನಿಂದ ಹೊರಬರುವ ಗಾಳಿ ಮೊದಲು ಸುಮಾರು 108 ಡಿಗ್ರಿ ಇದ್ದದ್ದು ಈಗ 150 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ.

ಬಿಸಿ ಗಾಳಿ ಹಗುರ. ಇಂಜಿನ್ನಿಗೆ ಬೇಕಾದದ್ದು ಗಾಳಿಯ ತೂಕವೇ ಹೊರತು ಅದರ ಒತ್ತಡವಲ್ಲ. ಒತ್ತಡ ಶೇಕಡಾ 18ರಷ್ಟು ಏರಿದರೂ, ಈ ಬಿಸಿಯನ್ನು ತೆಗೆಯದೆ ಹೋದರೆ ಗಾಳಿಯ ಸಾಂದ್ರತೆ ಏರುವುದು ಸುಮಾರು ಶೇಕಡಾ 6ರಷ್ಟು ಮಾತ್ರ. ಉಳಿದ 12 ಭಾಗವನ್ನು ದೊರಕಿಸಿಕೊಡಬೇಕಾದದ್ದು ಇಂಟರ್‌ಕೂಲರ್. ಅಂದಮೇಲೆ ಪುಲ್ಲಿಯ ಹೆಸರಿನಲ್ಲಿ ಬರೆದ ಲಾಭದಲ್ಲಿ ಮೂರನೆಯ ಎರಡು ಪಾಲು ಇಂಟರ್‌ಕೂಲರಿನ ಖಾತೆಗೆ ಸೇರಬೇಕಾದದ್ದು. ಮೂಲ ಇಂಟರ್‌ಕೂಲರಿನ ನೀರು ಮೊದಲ ಓಟದಲ್ಲಿ ತಂಪಾಗಿಯೇ ಇರುತ್ತದೆ. ಬೇಸಿಗೆಯ ಸಂಚಾರದಲ್ಲಿ ಅರ್ಧ ಗಂಟೆ ನಿಂತು ಚಲಿಸಿದ ಮೇಲೆ ಅದೇ ನೀರು ಬಿಸಿಯಾಗಿ, ಖರೀದಿಸಿದ ಅಶ್ವಶಕ್ತಿ ಕೈಗೆ ಸಿಗುವುದಿಲ್ಲ. ಪರೀಕ್ಷಾಯಂತ್ರದ ಮೇಲೆ, ಎದುರಿಗೆ ದೊಡ್ಡ ಫ್ಯಾನ್ ಇಟ್ಟು, ಒಂದೇ ಸಲ ಅಳೆದ ಅಂಕಿಯನ್ನು ನಂಬಿ ಹಣ ಕೊಡುವುದು ಮಾರ್ಚ್ 31ರ ಒಂದು ದಿನದ ಬ್ಯಾಂಕ್ ಶಿಲ್ಕನ್ನು ನೋಡಿ ಸಾಲ ಮಂಜೂರು ಮಾಡಿದಂತೆ.

ಇನ್ನು ಬ್ಲೋವರ್ ತಾನೇ ತಿನ್ನುವ ಶಕ್ತಿಯ ವಿಷಯ. ಅದು ಗಾಳಿಗೆ ತುಂಬುವ ಬಿಸಿಯೆಲ್ಲವೂ ಕ್ರ್ಯಾಂಕಿನಿಂದ ಕಿತ್ತುಕೊಂಡ ಶಕ್ತಿಯೇ. ಮೇಲಿನ ಅಂಕಿಗಳ ಪ್ರಕಾರ ಮೂಲ ಸ್ಥಿತಿಯಲ್ಲಿ ಪೂರ್ಣ ವೇಗದಲ್ಲಿ ಅದು ಸುಮಾರು 30 ಅಶ್ವಶಕ್ತಿಯನ್ನು ತಿನ್ನುತ್ತದೆ. ಚಿಕ್ಕ ಪುಲ್ಲಿ ಹಾಕಿದ ಮೇಲೆ 50ನ್ನು ದಾಟುತ್ತದೆ. ಚಕ್ರಕ್ಕೆ ಬರುವುದು ನಿವ್ವಳ ಮಾತ್ರ. ಆದರೆ ಪಿಸ್ಟನ್, ರಾಡು, ಬೇರಿಂಗುಗಳು ಹೊರುವುದು ಒಟ್ಟು ಮೊತ್ತವನ್ನು. ಸಾಲದ ಬಡ್ಡಿಯನ್ನು ಮೊದಲು ಕಟ್ಟಿ ಆಮೇಲೆ ಉಳಿದದ್ದನ್ನು ಮನೆಗೆ ಒಯ್ಯುವ ನಮ್ಮ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಪೆಟ್ರೋಲಿನ ಲೆಕ್ಕ ಇದಕ್ಕಿಂತ ಗಂಭೀರವಾದದ್ದು. ಈ ಕಾರಿನ ಎಂಟು ಇಂಜೆಕ್ಟರುಗಳು ಗಂಟೆಗೆ ತಲಾ 39 ಪೌಂಡು ಪೆಟ್ರೋಲು ಕೊಡಬಲ್ಲವು. ಒಟ್ಟು 312 ಪೌಂಡು. ಸೂಪರ್‌ಚಾರ್ಜರ್ ಇಂಜಿನ್ನಿಗೆ ಒಂದು ಅಶ್ವಶಕ್ತಿಗೆ ಗಂಟೆಗೆ 0.6 ಪೌಂಡು ಬೇಕೆಂದು ಸಾಮಾನ್ಯವಾಗಿ ಹಿಡಿಯುತ್ತಾರೆ. 390 ಅಶ್ವಶಕ್ತಿಗೆ ಇಂಜೆಕ್ಟರುಗಳ ಸಾಮರ್ಥ್ಯದಲ್ಲಿ ಶೇಕಡಾ 75 ಬಳಕೆಯಾಗುತ್ತದೆ. 450ಕ್ಕೆ ಹೋದರೆ ಶೇಕಡಾ 86 ದಾಟುತ್ತದೆ. ಶೇಕಡಾ 80ರಿಂದ 85ರ ಆಚೆಗೆ ಹೋಗಬಾರದೆಂಬುದು ಆ ಕಸುಬಿನವರ ರೂಢಿ. ಪೆಟ್ರೋಲು ಸಾಲದೆ, ಗಾಳಿ ಬಿಸಿಯಾಗಿ, ಸಿಲಿಂಡರಿನಲ್ಲಿ ಕಿಡಿ ಹಾರುವ ಕ್ರಮ ತಪ್ಪಿ ತಾನಾಗಿ ಸ್ಫೋಟಿಸಲು ಆರಂಭಿಸಿದರೆ ಅದಕ್ಕೆ ನಾಕಿಂಗ್ ಎನ್ನುತ್ತೇವೆ. ಸಾಧಾರಣ ಇಂಜಿನ್ನಿನಲ್ಲಿ ಅದು ಕಿರಿಕಿರಿಯ ಸದ್ದು. ಒತ್ತಡ ತುಂಬಿದ ಇಂಜಿನ್ನಿನಲ್ಲಿ ಅದು ಪಿಸ್ಟನ್ ಒಡೆಯುವ ಪೆಟ್ಟು. ಅಗ್ಗದ ಪುಲ್ಲಿಯ ಪೂರ್ಣ ಬಿಲ್ಲು ಬರುವುದು ಆ ದಿನ. ಅಲ್ಲಿಯವರೆಗೆ ಅದು ಸಂಭಾವ್ಯ ಹೊಣೆಯಾಗಿ ಟಿಪ್ಪಣಿಯಲ್ಲಿಯೂ ಕಾಣಿಸಿಕೊಳ್ಳದೆ ಕುಳಿತಿರುತ್ತದೆ.

ಈ ಲೆಕ್ಕಗಳಿಗೆ ನಾನು ಕೈಹಾಕಲು ಕಾರಣವೊಂದಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಬಿಡಿಭಾಗ ತಯಾರಿಸುವ ನನ್ನ ಕಕ್ಷಿದಾರರೊಬ್ಬರ ಮಗ ಡೆಟ್ರಾಯಿಟ್ ಸಮೀಪದಲ್ಲಿ ಇಂಜಿನಿಯರ್. ಆತ ಹಳೆಯ ಕೋಬ್ರಾ ಕಾರೊಂದನ್ನು ಕೊಂಡು, ಅದಕ್ಕೆ ಮಾಡಬೇಕೆಂದಿರುವ ಖರ್ಚಿನ ಪಟ್ಟಿಯನ್ನು ತಂದೆಗೆ ಕಳುಹಿಸಿದ್ದ. ತಂದೆಯವರೋ ಎರಡನೆಯ ಸ್ಕ್ರೂ ಕಂಪ್ರೆಸರ್ ಕೊಳ್ಳಲು ಮನೆಯ ಅಡಮಾನದ ಮೇಲೆ ಬ್ಯಾಂಕ್ ಸಾಲಕ್ಕೆ ಕಾಗದಪತ್ರ ಸಿದ್ಧಪಡಿಸಿಕೊಂಡಿದ್ದರು. “ಹುಡುಗಂದೂ ನೋಡ್ರಿ ಸಾಹೇಬ್ರ, ನಂದೂ ನೋಡ್ರಿ” ಎಂದು ಎರಡನ್ನೂ ಒಟ್ಟಿಗೆ ಮುಂದಿಟ್ಟರು. ಮಗನ ಪಟ್ಟಿಯಲ್ಲಿ ಮೊದಲನೆಯದು ಪುಲ್ಲಿ, ಎರಡನೆಯದು ಸದ್ದು ಮಾಡುವ ಸೈಲೆನ್ಸರ್. ಇಂಟರ್‌ಕೂಲರಿನ ದೊಡ್ಡ ರೇಡಿಯೇಟರ್ ಕಟ್ಟಕಡೆಗೆ, ‘ಮುಂದೆ ನೋಡೋಣ’ ಎಂಬ ಷರಾದೊಂದಿಗೆ. ತಂದೆಯ ಅರ್ಜಿಯಲ್ಲಿ ಕೊನೆಯ ಮಷೀನಿಗೆ ಗಾಳಿಯ ಒತ್ತಡ ಸಾಲುತ್ತಿಲ್ಲ, ಆದ್ದರಿಂದ ಇನ್ನೊಂದು ಕಂಪ್ರೆಸರ್ ಬೇಕು ಎಂಬ ವಿವರಣೆ.

ಭಾನುವಾರ ಮಷೀನುಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರನ್ನು ಮಾತ್ರ ನಡೆಸಿ ನೋಡಿ ಎಂದೆ. ಗಾಳಿ ಬಳಸುವವರು ಯಾರೂ ಇಲ್ಲದಿದ್ದರೂ ಅದು ಪದೇ ಪದೇ ಲೋಡ್ ತೆಗೆದುಕೊಳ್ಳುತ್ತಿತ್ತು. ಕೊಳವೆಯ ಜಾಯಿಂಟು, ಹಳೆಯ ಹೋಸು, ನೀರು ತೆಗೆಯುವ ವಾಲ್ವುಗಳಲ್ಲಿ ಗಾಳಿ ಸೋರುತ್ತಿತ್ತು. ಒತ್ತಡವನ್ನು ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ವಿದ್ಯುತ್ ಶೇಕಡಾ 6ರಿಂದ 10ರಷ್ಟು ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಕೈಪಿಡಿಗಳು ಹೇಳುತ್ತವೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಒತ್ತಡ ಏರಿಸಿದರೆ ಸೋರಿಕೆಯೂ ಏರುತ್ತದೆ, ಬಿಲ್ಲೂ ಏರುತ್ತದೆ. ತಂದೆ, ಮಗ ಇಬ್ಬರೂ ಸಾವಿರಾರು ಮೈಲಿಗಳ ಅಂತರದಲ್ಲಿ ಕುಳಿತು ಮಾಡಹೊರಟಿದ್ದ ಕೆಲಸ ಒಂದೇ ಆಗಿತ್ತು. ಹಿರಿಯರು ಸೋರಿಕೆಯನ್ನು ಕಟ್ಟಿಸಿದರು. ಅದಾದ ಮೇಲೂ, ಆರ್ಡರ್ ಬರುವ ಭರವಸೆಯಿದೆ ಎಂದು ಕಂಪ್ರೆಸರ್ ಕೊಂಡೇ ಕೊಂಡರು. ಅರ್ಜಿಯಲ್ಲಿದ್ದದ್ದಕ್ಕಿಂತ ಚಿಕ್ಕದನ್ನು, ಮನೆಯನ್ನು ಅಡವಿಡದೆ ಕೊಂಡದ್ದಷ್ಟೇ ನನಗೆ ಸಮಾಧಾನ.

ಮಗನಿಗೆ ನಾನು ಬರೆದು ಕಳುಹಿಸಿದ ಸರದಿ ಹೀಗಿತ್ತು. ಇಪ್ಪತ್ತು ವರ್ಷ ದಾಟಿದ ಕಾರು ಅದು. ಆದ್ದರಿಂದ ಮೊದಲು ಇಂಜಿನ್ನಿನ ಸಿಲಿಂಡರುಗಳ ಒತ್ತಡ, ಪೆಟ್ರೋಲಿನ ಒತ್ತಡ, ಗಾಳಿಯ ಸೋರಿಕೆ, ಬೆಲ್ಟಿನ ಬಿಗಿತಗಳನ್ನು ತಪಾಸಣೆ ಮಾಡಿಸು. ಜೊತೆಗೆ ಗಾಳಿ-ಪೆಟ್ರೋಲಿನ ಪ್ರಮಾಣ ಮತ್ತು ಒಳಹೋಗುವ ಗಾಳಿಯ ಉಷ್ಣತೆಯನ್ನು ತೋರಿಸುವ ಮೀಟರುಗಳನ್ನು ಹಾಕಿಸು. ಅಳತೆಯಿಲ್ಲದೆ ಮಾಡಿದ ಖರ್ಚು ವೋಚರ್ ಇಲ್ಲದ ಖರ್ಚು. ಅನಂತರ ಇಂಟರ್‌ಕೂಲರಿನ ರೇಡಿಯೇಟರ್ ಮತ್ತು ನೀರಿನ ಪಂಪು. ಅದಾದ ಮೇಲೆ ಪೆಟ್ರೋಲಿನ ಪಂಪು, ದೊಡ್ಡ ಇಂಜೆಕ್ಟರು ಮತ್ತು ಅವಕ್ಕೆ ಹೊಂದುವಂತೆ ಇಂಜಿನ್ನಿನ ಕಂಪ್ಯೂಟರಿನ ಮರುಹೊಂದಾಣಿಕೆ. ಇವಿಷ್ಟೂ ಆದ ಮೇಲೆ ಪುಲ್ಲಿ. ಅದೂ ಸಿಗುವುದರಲ್ಲಿ ಅತಿ ಚಿಕ್ಕದಲ್ಲ, ಮೂಲಕ್ಕಿಂತ ಒಂದು ಮೆಟ್ಟಿಲು ಚಿಕ್ಕದು. ಬ್ರೇಕು, ಟೈರು, ಕ್ಲಚ್ಚುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಟೈರಿನ ಮೇಲೆ ಒಂದು ಅಶ್ವಶಕ್ತಿಯನ್ನೂ ಸೇರಿಸಬಾರದು.

ಇದಕ್ಕೆ ಬಲ್ಲವರ ಆಕ್ಷೇಪಣೆಯೊಂದಿದೆ. ಅದರಲ್ಲಿ ಹುರುಳೂ ಇದೆ. ಈ ಇಂಜಿನ್ನನ್ನು ಕಂಪನಿಯೇ ಅಗತ್ಯಕ್ಕಿಂತ ಗಟ್ಟಿಯಾಗಿ ಕಟ್ಟಿದೆ, ಪುಲ್ಲಿ ಮತ್ತು ಕಂಪ್ಯೂಟರ್ ಹೊಂದಾಣಿಕೆ ಮಾತ್ರ ಮಾಡಿಸಿ ವರ್ಷಗಟ್ಟಲೆ ಓಡಿಸಿದವರು ಬಹಳ ಮಂದಿ ಇದ್ದಾರೆ ಎನ್ನುತ್ತಾರೆ. ನಿಜ. ಆದರೆ ಅವರು ಖರ್ಚು ಮಾಡುತ್ತಿರುವುದು ತಾವು ಸಂಪಾದಿಸಿದ ಮೀಸಲನ್ನಲ್ಲ, ಫೋರ್ಡ್ ಕಂಪನಿ ಕಟ್ಟಿಟ್ಟ ಮೀಸಲನ್ನು. ಎಲ್ಲ ಕಂಪನಿಗಳೂ ಅಷ್ಟು ಮೀಸಲು ಇಡುವುದಿಲ್ಲ. ಜನರಲ್ ಮೋಟಾರ್ಸ್ ಕಂಪನಿಯು 2005ರಿಂದ 2007ರವರೆಗಿನ ಮಾದರಿಗಳಲ್ಲಿ ಎರಡು ಲೀಟರ್ ಇಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿ 205 ಅಶ್ವಶಕ್ತಿಯ ಕೋಬಾಲ್ಟ್ ಎಸ್‌ಎಸ್ ಕಾರನ್ನು ಮಾರಿತು. ಅದರ ಶಕ್ತಿ ಹೆಚ್ಚಿಸುವ ಕಿಟ್‌ಗಳನ್ನೂ ತಾನೇ ಹಂತಹಂತವಾಗಿ ಮಾರಿತು. ಮೊದಲ ಹಂತದಲ್ಲಿ ಪುಲ್ಲಿ ಇರಲೇ ಇಲ್ಲ. ದೊಡ್ಡ ಇಂಜೆಕ್ಟರುಗಳು ಮತ್ತು ಕಂಪ್ಯೂಟರ್ ಹೊಂದಾಣಿಕೆ ಇದ್ದವು. ಚಿಕ್ಕ ಪುಲ್ಲಿ ಬಂದದ್ದು ಎರಡನೆಯ ಹಂತದಲ್ಲಿ. ಕೆಟ್ಟರೆ ತಾನೇ ವಾರಂಟಿ ಹೊರಬೇಕಾದ ವ್ಯಾಪಾರಿ ಯಾವ ಸರದಿಯನ್ನು ಆರಿಸಿಕೊಂಡ ಎಂಬುದು ನನ್ನ ದೃಷ್ಟಿಯಲ್ಲಿ ಹತ್ತು ಜನ ಹವ್ಯಾಸಿಗಳ ಸಾಕ್ಷ್ಯಕ್ಕಿಂತ ಮಿಗಿಲಾದದ್ದು.

ಬ್ಲೋವರನ್ನೇ ತೆಗೆದು ಟ್ವಿನ್ ಸ್ಕ್ರೂ ಮಾದರಿಯದನ್ನು ಹಾಕುವ ಆಯ್ಕೆಯೂ ಇದೆ. ಇದು ಸ್ವೀಡನ್ನಿನ ಆಲ್ಫ್ ಲಿಷೋಲ್ಮ್ ಎಂಬ ಇಂಜಿನಿಯರ್ 1930ರ ದಶಕದಲ್ಲಿ ರೂಪಿಸಿದ ವಿನ್ಯಾಸದ ಸಂತತಿ. ನಮ್ಮ ಕಾರ್ಖಾನೆಗಳ ಸ್ಕ್ರೂ ಕಂಪ್ರೆಸರೂ ಇದರದೇ ದಾಯಾದಿ. ಗಾಳಿಯನ್ನು ತನ್ನೊಳಗೇ ಅದುಮುವುದರಿಂದ ಹೆಚ್ಚಿನ ಒತ್ತಡದಲ್ಲಿ ಇದು ರೂಟ್ಸ್ ಬ್ಲೋವರಿಗಿಂತ ಕಡಿಮೆ ಬಿಸಿ ಮಾಡುತ್ತದೆ. ಬೆಲೆ ಮಾತ್ರ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಕಚೇರಿಗೆ ಹೋಗಿಬರುವ ಕಾರಿಗೆ ಇದು ಬೇಕಿಲ್ಲವೆಂಬುದು ನನ್ನ ಮತ. ಆದರೆ ಕೊನೆಗೆ ಇಲ್ಲಿಗೇ ಬಂದು ಮುಟ್ಟುವ ಹಂಬಲ ನಿಶ್ಚಿತವಾಗಿದ್ದರೆ ನಡುವೆ ಮೂರು ಬಗೆಯ ಪುಲ್ಲಿ ಬದಲಿಸುತ್ತ ಹಣ ಚೆಲ್ಲಬಾರದು. ತಂಪಿನ ಮತ್ತು ಪೆಟ್ರೋಲಿನ ಕೆಲಸ ಮುಗಿಸಿ, ಕಾದು, ನೇರವಾಗಿ ಅದನ್ನೇ ಕೊಳ್ಳುವುದು ಲೇಸು. ಮೊದಲು ಚಿಕ್ಕ ಲೇತು, ಆರು ತಿಂಗಳಿಗೆ ಇನ್ನೊಂದು, ವರ್ಷಕ್ಕೆ ಮತ್ತೊಂದು ಎಂದು ಕೊಂಡು ಕೊನೆಗೆ ಸಿಎನ್‌ಸಿ ತಂದವರ ಸವಕಳಿ ಪಟ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾನೂನಿನ ಮಾತನ್ನೂ ಹೇಳಬೇಕು. ಹೊಗೆ ನಿಯಂತ್ರಣದ ಸಾಧನಗಳನ್ನು ಕೆಡಿಸುವುದು ಅಮೆರಿಕದ ಒಕ್ಕೂಟದ ಕಾನೂನಿನ ಪ್ರಕಾರ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಬಿಡಿಭಾಗಕ್ಕೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಆದೇಶ ಸಂಖ್ಯೆ ಇರಬೇಕು. ಆ ಸಂಖ್ಯೆ ಇರುವ ಭಾಗ ತುಸು ದುಬಾರಿಯಾದರೂ ಅದನ್ನೇ ಕೊಳ್ಳಬೇಕು. ನಮ್ಮ ದೇಶದಲ್ಲಿಯೂ 2000ದ ದಶಕದಲ್ಲಿ ಮರ್ಸಿಡಿಸ್ ಕಂಪನಿಯ ಕೊಂಪ್ರೆಸರ್ ಕಾರುಗಳು ಮಾರಾಟವಾದವು. ಅವು ಈಗ ಹಳೆಯ ಕಾರಿನ ಬೆಲೆಗೆ ಸಿಗುವುದರಿಂದ ಕೆಲವು ಸದಸ್ಯರ ಮಕ್ಕಳಿಗೆ ಇದೇ ಆಸೆ ಮೂಡಿರುವುದನ್ನು ಬಲ್ಲೆ. ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿ ಕೇಳುವ ಪ್ರಶ್ನೆಗಳು ಬೇರೆ. ಈ ಖರ್ಚನ್ನು ಫರ್ಮಿನ ಹೆಸರಿಗೆ ಹಾಕಿ ತೆರಿಗೆ ಜಮೆ ಪಡೆಯೋಣ ಎಂದುಕೊಂಡವರಿಗೂ ಒಂದು ಮಾತು: 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೂ ಅದರ ದುರಸ್ತಿ ಸೇವೆಗೂ ಹೂಡುವಳಿ ತೆರಿಗೆ ಜಮೆಯನ್ನು, ಟ್ಯಾಕ್ಸಿ ಅಥವಾ ವಾಹನ ಮಾರಾಟದಂಥ ವ್ಯವಹಾರದವರ ಹೊರತು, ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)ನೆಯ ಕಲಮು ತಡೆದಿದೆ.

ಡೆಟ್ರಾಯಿಟಿನ ಹುಡುಗ ತಪಾಸಣೆ ಮಾಡಿಸಿ, ರೇಡಿಯೇಟರನ್ನು ಮೊದಲು ಕೊಂಡಿದ್ದಾನೆ. ಪುಲ್ಲಿಯ ಆಸೆಯನ್ನು ಬಿಟ್ಟಿಲ್ಲ, ಬಿಡಬೇಕೆಂದು ನಾನು ಹೇಳಿಯೂ ಇಲ್ಲ. ಅಂಥ ಕಾರುಗಳನ್ನು ಕೊಳ್ಳುವ ಸಂಗ್ರಾಹಕರು ಮೂಲ ಸ್ಥಿತಿಯಲ್ಲಿರುವುದಕ್ಕೆ ಹೆಚ್ಚಿನ ಬೆಲೆ ಕೊಡುವುದರಿಂದ, ಕಳಚಿದ ಪ್ರತಿಯೊಂದು ಭಾಗವನ್ನೂ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ತಾರೀಖು ಬರೆದ ಚೀಟಿ ಅಂಟಿಸಿ, ಬಿಲ್ಲುಗಳ ಫೈಲಿನೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಇಡುವಂತೆ ಮಾತ್ರ ತಿಳಿಸಿದ್ದೇನೆ.